ಅರ್ಜಿ ಎಲ್ಲಿಗೆ ಹಾಕಿದರು? ಬರ್ಕ್ಲಿಯ 1973ರ ಪ್ರವೇಶ ದಾಖಲೆ: ಒಂದು ಪ್ರಕರಣ ಅಧ್ಯಯನ

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1973ರ ಸ್ನಾತಕೋತ್ತರ ಓದಿಗೆ ಅರ್ಜಿ ಹಾಕಿದವರು 12,763 ಮಂದಿ. ಪುರುಷರು 8,442, ಮಹಿಳೆಯರು 4,321. ಪುರುಷರಲ್ಲಿ ಶೇ. 44 ಮಂದಿಗೆ ಪ್ರವೇಶ ಸಿಕ್ಕಿತು, ಮಹಿಳೆಯರಲ್ಲಿ ಶೇ. 35 ಮಂದಿಗೆ.

ಇದಿಷ್ಟನ್ನೇ ಒಂದು ಹಾಳೆಯಲ್ಲಿ ಬರೆದು ಯಾರ ಮುಂದಿಟ್ಟರೂ ಬರುವ ಮಾತು ಒಂದೇ: ಹೆಣ್ಣುಮಕ್ಕಳಿಗೆ ಅನ್ಯಾಯವಾಗಿದೆ. ಅದನ್ನು ದುಡುಕಿನ ಮಾತು ಎನ್ನುವಂತಿಲ್ಲ. ಎಲ್ಲರನ್ನೂ ಒಟ್ಟಿಗೆ ಸೇರಿಸಿದರೆ ಪ್ರವೇಶದ ಪ್ರಮಾಣ ಶೇ. 41. ಅದೇ ಪ್ರಮಾಣ ಮಹಿಳೆಯರಿಗೂ ದಕ್ಕಿದ್ದರೆ 1,771 ಮಂದಿ ಒಳಗೆ ಹೋಗಬೇಕಿತ್ತು. ಹೋದವರು 1,494. ಕೊರತೆ 277. ಹನ್ನೆರಡು ಸಾವಿರ ಅರ್ಜಿಗಳ ಲೆಕ್ಕದಲ್ಲಿ ಇಷ್ಟು ದೊಡ್ಡ ಕೊರತೆ ಆಕಸ್ಮಿಕವಾಗಿ ಬೀಳುವುದಿಲ್ಲ.

ಪ್ರವೇಶದ ಅಂಕಿಗಳನ್ನು ಹೇಗೆ ಓದಬೇಕು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಈ ಹಳೆಯ ಪ್ರಕರಣವನ್ನೇ. ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಇದನ್ನು ಒಂದು ಚಮತ್ಕಾರದಂತೆ ತೋರಿಸಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತಾರೆ. ಆದರೆ ಅರ್ಜಿದಾರರು ಯಾರು, ಎಲ್ಲಿಗೆ ಬರುತ್ತಾರೆ, ಬರಬೇಕಾದವರು ಯಾಕೆ ಬರುತ್ತಿಲ್ಲ ಎಂದು ತಿಳಿಯಬೇಕಾದ ಪ್ರವೇಶ ಕಚೇರಿಗೆ ಇದರಲ್ಲಿರುವ ಸರಕು ಆ ಚಮತ್ಕಾರಕ್ಕಿಂತ ಬಹಳ ಹೆಚ್ಚು.

ಅಳುಕು ಹುಟ್ಟಿದ್ದು ಎಲ್ಲಿಂದ

ಅದರ ಹಿಂದಿನ ವರ್ಷ, 1972ರಲ್ಲಿ, ಅಮೆರಿಕದಲ್ಲಿ ಟೈಟಲ್ ನೈನ್ ಎಂಬ ಕಾನೂನು ಬಂದಿತ್ತು. ಕೇಂದ್ರ ಸರ್ಕಾರದ ಹಣ ಪಡೆಯುವ ಶಿಕ್ಷಣ ಕಾರ್ಯಕ್ರಮಗಳಲ್ಲಿ ಲಿಂಗದ ಆಧಾರದ ಮೇಲೆ ತಾರತಮ್ಯ ಮಾಡುವಂತಿಲ್ಲ ಎಂದು ಅದು ಹೇಳಿತು. ಸ್ನಾತಕೋತ್ತರ ಪ್ರವೇಶವೂ ಅದರ ವ್ಯಾಪ್ತಿಯೊಳಗೇ ಇತ್ತು. ಇಂಥ ಹೊತ್ತಿನಲ್ಲಿ 44ಕ್ಕೆ 35 ಎಂಬ ಅಂಕಿ ಕೈಗೆ ಬಂದರೆ ಯಾವ ಡೀನ್‌ಗಾದರೂ ನಿದ್ದೆ ಹತ್ತುವುದಿಲ್ಲ.

ಬರ್ಕ್ಲಿಯಲ್ಲಿ ಸ್ನಾತಕೋತ್ತರ ವ್ಯವಹಾರ ನೋಡಿಕೊಳ್ಳುವ ಗ್ರಾಜುಯೇಟ್ ಡಿವಿಷನ್‌ನ ಅಸೋಸಿಯೇಟ್ ಡೀನ್ ಆಗಿದ್ದವರು ಯೂಜೀನ್ ಹ್ಯಾಮೆಲ್, ವೃತ್ತಿಯಿಂದ ಮಾನವಶಾಸ್ತ್ರಜ್ಞ. ಅವರು ಸಂಖ್ಯಾಶಾಸ್ತ್ರ ವಿಭಾಗದ ಪೀಟರ್ ಬಿಕೆಲ್ ಅವರನ್ನು ಕರೆದರು. ಡಿವಿಷನ್ನಿನ ದತ್ತಾಂಶ ಸಿಬ್ಬಂದಿಯಲ್ಲಿದ್ದ ವಿಲಿಯಂ ಓ'ಕಾನೆಲ್ ಜೊತೆಯಾದರು. ಮೂವರೂ ಸೇರಿ ಮಾಡಿದ ಲೆಕ್ಕ 1975ರ ಫೆಬ್ರವರಿಯಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ವಿಶ್ವವಿದ್ಯಾಲಯದ ಮೇಲೆ ಮೊಕದ್ದಮೆ ಬಿದ್ದಿತ್ತು, ಈ ಲೆಕ್ಕ ಕೋರ್ಟಿನಲ್ಲಿ ಅದನ್ನು ಉಳಿಸಿತು ಎಂಬ ಕತೆ ಎಷ್ಟೋ ಕಡೆ ಓಡಾಡುತ್ತದೆ. ಅದು ಬಾಯಿಂದ ಬಾಯಿಗೆ ಬೆಳೆದ ಕತೆ. ಮೊಕದ್ದಮೆಯೇನೂ ಇರಲಿಲ್ಲ. ಇದ್ದದ್ದು, ನಾಳೆ ಬೀಳಬಹುದು ಎಂಬ ಅಳುಕು. ನನಗೆ ಈ ವ್ಯತ್ಯಾಸ ಮುಖ್ಯವಾಗಿ ಕಾಣುತ್ತದೆ. ಕೋರ್ಟಿಗೆ ಉತ್ತರ ಕೊಡಲು ಕೂತವರು ತಮಗೆ ಬೇಕಾದ ಉತ್ತರ ಸಿಕ್ಕ ಕೂಡಲೇ ಪೆನ್ನು ಕೆಳಗಿಡುತ್ತಾರೆ. ಇವರು ಇಡಲಿಲ್ಲ.

ಅಪರಾಧಿ ವಿಭಾಗ ಯಾವುದು?

ಬರ್ಕ್ಲಿಯಲ್ಲಿ ಸ್ನಾತಕೋತ್ತರ ಅರ್ಜಿ ವಿಶ್ವವಿದ್ಯಾಲಯಕ್ಕೆ ಹೋಗುವುದು ಹೆಸರಿಗೆ ಮಾತ್ರ. ನಿಜವಾಗಿ ಅದು ಹೋಗುವುದು ಒಂದು ವಿಭಾಗಕ್ಕೆ. ಅಲ್ಲಿನ ಅಧ್ಯಾಪಕರೇ ಓದಿ, ತೂಗಿ, ಬೇಕು ಬೇಡ ಎಂದು ತೀರ್ಮಾನಿಸುತ್ತಾರೆ. ಹಾಗಾದರೆ ತಾರತಮ್ಯ ನಡೆದಿದ್ದರೆ ಅದು ಯಾವುದೋ ಒಂದು ವಿಭಾಗದ ಕೋಣೆಯಲ್ಲೇ ನಡೆದಿರಬೇಕು. ಒಟ್ಟು ವಿಭಾಗಗಳು 101. ಅವುಗಳಲ್ಲಿ 16ರಲ್ಲಿ ಹೋಲಿಸಲು ಏನೂ ಇರಲಿಲ್ಲ: ಕೆಲವಕ್ಕೆ ಮಹಿಳೆಯರು ಅರ್ಜಿಯನ್ನೇ ಹಾಕಿರಲಿಲ್ಲ, ಕೆಲವು ಯಾರನ್ನೂ ತಿರಸ್ಕರಿಸಿರಲಿಲ್ಲ. ಉಳಿದ 85ನ್ನು ಒಂದೊಂದಾಗಿ ನೋಡಿದರು.

ಮಹಿಳೆಯರ ವಿರುದ್ಧ ಗಮನಾರ್ಹ ಅಂತರ ಕಂಡದ್ದು ನಾಲ್ಕು ವಿಭಾಗಗಳಲ್ಲಿ. ಆ ನಾಲ್ಕರಿಂದ ಬಿದ್ದ ಕೊರತೆ 26 ಮಹಿಳೆಯರು. ಪುರುಷರ ವಿರುದ್ಧ ಅಷ್ಟೇ ಗಮನಾರ್ಹ ಅಂತರ ಕಂಡದ್ದು ಆರು ವಿಭಾಗಗಳಲ್ಲಿ. ಅಲ್ಲಿಯ ಕೊರತೆ 64 ಪುರುಷರು.

277ರ ಕೊರತೆಗೆ ಕಾರಣ ಹುಡುಕಹೊರಟವರಿಗೆ ಸಿಕ್ಕಿದ್ದು 26, ಅದೂ ಎದುರು ಬದಿಯ 64ರ ಜೊತೆಗೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ಒಟ್ಟು ಲೆಕ್ಕ ಒಂದು ಕಡೆಗೆ, ಬಿಡಿ ಲೆಕ್ಕ ಇನ್ನೊಂದು ಕಡೆಗೆ. ಅರ್ಜಿಗಳು ಅವೇ, ತೀರ್ಮಾನಗಳೂ ಅವೇ. ಕೂಡಿಸುವಾಗ ತಪ್ಪೂ ಆಗಿಲ್ಲ.

ಆರು ಸಾಲು

ಅತಿ ದೊಡ್ಡ ಆರು ವಿಭಾಗಗಳ ಅಂಕಿಗಳು ಮುಂದೆ ಪಠ್ಯಪುಸ್ತಕಗಳಿಗೆ ಬಂದವು. ಆರ್ ಎಂಬ ಸಂಖ್ಯಾಶಾಸ್ತ್ರ ತಂತ್ರಾಂಶ ಹಾಕಿಕೊಂಡವರಿಗೆ ಅದರೊಳಗೇ ಈ ಪಟ್ಟಿ ಸಿಗುತ್ತದೆ. ವಿಭಾಗಗಳ ಹೆಸರು ಬಿಟ್ಟುಕೊಟ್ಟಿಲ್ಲ. ಎ ಇಂದ ಎಫ್‌ವರೆಗೆ ಅಕ್ಷರಗಳಷ್ಟೇ.

| ವಿಭಾಗ | ಪುರುಷರ ಅರ್ಜಿ | ಪ್ರವೇಶ (ಶೇ.) | ಮಹಿಳೆಯರ ಅರ್ಜಿ | ಪ್ರವೇಶ (ಶೇ.) |
|---|---|---|---|---|
| ಎ | 825 | 62 | 108 | 82 |
| ಬಿ | 560 | 63 | 25 | 68 |
| ಸಿ | 325 | 37 | 593 | 34 |
| ಡಿ | 417 | 33 | 375 | 35 |
| ಇ | 191 | 28 | 393 | 24 |
| ಎಫ್ | 373 | 6 | 341 | 7 |

ಈ ಆರನ್ನೂ ಕೂಡಿಸಿದರೆ ಪುರುಷರು 2,691ಕ್ಕೆ 1,198, ಅಂದರೆ ಶೇ. 45. ಮಹಿಳೆಯರು 1,835ಕ್ಕೆ 557, ಅಂದರೆ ಶೇ. 30. ಅಂತರ ಇಡೀ ಕ್ಯಾಂಪಸ್ಸಿನದಕ್ಕಿಂತಲೂ ದೊಡ್ಡದು. ಆದರೆ ಸಾಲು ಸಾಲಾಗಿ ನೋಡಿ. ಆರರಲ್ಲಿ ನಾಲ್ಕು ಕಡೆ ಮಹಿಳೆಯರದೇ ಮೇಲುಗೈ. ಸಿ ಮತ್ತು ಇ ವಿಭಾಗಗಳಲ್ಲಿ ಮೂರು ನಾಲ್ಕು ಅಂಕ ಹಿಂದಿದ್ದಾರೆ. ಎ ವಿಭಾಗದಲ್ಲಂತೂ ಇಪ್ಪತ್ತು ಅಂಕ ಮುಂದೆ.

ಬಹಳಷ್ಟು ಜನ ಈ ಪಟ್ಟಿಯಲ್ಲಿ ಶೇಕಡಾ ಅಂಕಣಗಳನ್ನೇ ಮತ್ತೆ ಮತ್ತೆ ನೋಡುತ್ತಾರೆ. ನೋಡಬೇಕಾದದ್ದು ಅರ್ಜಿಗಳ ಅಂಕಣ. ಎ ಮತ್ತು ಬಿ ಸೇರಿದರೆ ಪುರುಷರ ಅರ್ಜಿ 1,385: ಅವರ ಒಟ್ಟು ಅರ್ಜಿಗಳಲ್ಲಿ ಅರ್ಧಕ್ಕಿಂತ ಹೆಚ್ಚು. ಅದೇ ಎರಡು ವಿಭಾಗಗಳಿಗೆ ಮಹಿಳೆಯರ ಅರ್ಜಿ 133. ಅವರ ನೂರು ಅರ್ಜಿಗಳಲ್ಲಿ ಏಳು. ಎ, ಬಿ ವಿಭಾಗಗಳಲ್ಲಿ ಮೂವರು ಬಂದರೆ ಇಬ್ಬರಿಗೆ ಸೀಟು ಸಿಗುವಷ್ಟು ಸಲೀಸು. ಉಳಿದ ನಾಲ್ಕರಲ್ಲಿ ಮೂವರಿಗೆ ಒಬ್ಬರು, ನಾಲ್ವರಿಗೆ ಒಬ್ಬರು. ಎಫ್‌ನಲ್ಲಿ ಹದಿನೈದು ಹದಿನಾರು ಮಂದಿಗೆ ಒಬ್ಬರು. ಮಹಿಳೆಯರಲ್ಲಿ ನೂರಕ್ಕೆ ತೊಂಬತ್ತಮೂರು ಮಂದಿ ಈ ಕಡೆಯ ಸರದಿಯಲ್ಲೇ ನಿಂತಿದ್ದರು.

ಲೇಖನ ಬರೆದವರು ಇದಕ್ಕೊಂದು ಬಲೆಯ ಹೋಲಿಕೆ ಕೊಟ್ಟಿದ್ದಾರೆ. ಒಂದೇ ಗಾತ್ರದ ಮೀನುಗಳು ಬಲೆಯ ಕಡೆ ಈಜಿ ಬರುತ್ತವೆ. ಬಲೆಯ ಒಂದು ಭಾಗದ ಕಣ್ಣುಗಳು ದೊಡ್ಡವು, ಇನ್ನೊಂದರವು ಸಣ್ಣವು. ಗಂಡು ಮೀನುಗಳು ದೊಡ್ಡ ಕಣ್ಣಿನ ಕಡೆಗೂ ಹೆಣ್ಣು ಮೀನುಗಳು ಸಣ್ಣ ಕಣ್ಣಿನ ಕಡೆಗೂ ಹೋದರೆ ಆಚೆ ದಾಟುವುದು ಹೆಚ್ಚಾಗಿ ಗಂಡು ಮೀನುಗಳೇ. ಬಲೆಗೆ ಗಂಡು ಹೆಣ್ಣಿನ ಭೇದ ಗೊತ್ತಿಲ್ಲ.

ಕೂಡಿಸಿದಾಗ ದಿಕ್ಕೇ ತಿರುಗುವ ಈ ವಿಚಿತ್ರಕ್ಕೆ ಸಿಂಪ್ಸನ್ ವಿರೋಧಾಭಾಸ ಎಂದು ಹೆಸರು. ಎಡ್ವರ್ಡ್ ಸಿಂಪ್ಸನ್ 1951ರಲ್ಲಿ ಬರೆದದ್ದು. ಅದಕ್ಕೂ ಮುಂಚೆ 1903ರಲ್ಲೇ ಉಡ್ನಿ ಯೂಲ್ ಇದನ್ನು ಗುರುತಿಸಿದ್ದರು. ಹೆಸರಿಗೆ ಅಷ್ಟು ಸಾಕು.

ಸರಿಯಾದ ಹೋಲಿಕೆ ಬೇಕೆಂದರೆ ಒಂದು ಉಪಾಯವಿದೆ. ಪುರುಷರೂ ಮಹಿಳೆಯರೂ ಆರು ವಿಭಾಗಗಳಿಗೆ ಒಂದೇ ಹಂಚಿಕೆಯಲ್ಲಿ ಅರ್ಜಿ ಹಾಕಿದ್ದರು ಎಂದುಕೊಳ್ಳಿ. ಪ್ರತಿ ವಿಭಾಗದ ಶೇಕಡಾವನ್ನು ಆ ವಿಭಾಗಕ್ಕೆ ಬಂದ ಒಟ್ಟು ಅರ್ಜಿಗಳಿಂದ (933, 585, 918, 792, 584, 714) ಗುಣಿಸಿ, ಕೂಡಿಸಿ, 4,526ರಿಂದ ಭಾಗಿಸಿ. ಪುರುಷರಿಗೆ ಶೇ. 39, ಮಹಿಳೆಯರಿಗೆ ಶೇ. 43 ಬರುತ್ತದೆ. ಕಾಗದ ಪೆನ್ನು ಹಿಡಿದು ಹತ್ತು ನಿಮಿಷದಲ್ಲಿ ಮಾಡಬಹುದಾದ ಲೆಕ್ಕ. ಒಮ್ಮೆ ಕೈಯಾರೆ ಮಾಡಿ ನೋಡುವುದೇ ಒಳ್ಳೆಯದು; ತಂತ್ರಾಂಶ ಕೊಟ್ಟ ಉತ್ತರ ಕಣ್ಣಿಗೆ ಕಾಣುತ್ತದೆ, ಮನಸ್ಸಿಗೆ ಇಳಿಯುವುದಿಲ್ಲ.

ಕತೆ ಸಾಮಾನ್ಯವಾಗಿ ನಿಲ್ಲುವ ಜಾಗ

ಬಹುತೇಕ ಹೇಳಿಕೆಗಳು ಇಲ್ಲಿಗೆ ಮುಗಿಯುತ್ತವೆ. "ನೋಡಿದಿರಾ, ತಾರತಮ್ಯ ಇರಲೇ ಇಲ್ಲ, ಹೆಣ್ಣುಮಕ್ಕಳೇ ಕಷ್ಟದ ವಿಭಾಗ ಆರಿಸಿಕೊಂಡರು." ನನ್ನ ತಕರಾರು ಇರುವುದು ಈ ಸಮಾಧಾನದ ಮೇಲೆ. ಪ್ರವೇಶ ಸಮಿತಿಯವರ ಮಟ್ಟಿಗೆ ಇದು ಬಿಡುಗಡೆಯ ಪತ್ರ ಇರಬಹುದು. ಮುಂದಿನ ವರ್ಷಕ್ಕೆ ಯಾರನ್ನು, ಎಲ್ಲಿಂದ, ಯಾವ ವಿಭಾಗಕ್ಕೆ ಕರೆತರಬೇಕು ಎಂದು ಯೋಜನೆ ಹಾಕುವವರಿಗೆ ಕೆಲಸ ಈಗ ಶುರುವಾಗುತ್ತದೆ.

ಆ ಯೋಜನೆ ಹಾಕುವ ಕುರ್ಚಿಯಲ್ಲಿ ಕೂತು ಯೋಚಿಸೋಣ. ಮೇಲಿನವರು ಬಂದು "ಮಹಿಳೆಯರ ಪ್ರವೇಶ ಪ್ರಮಾಣ ಶೇ. 30 ಇದೆ, ಇದನ್ನು 35ಕ್ಕೆ ಏರಿಸಿ" ಎಂದು ಗುರಿ ಕೊಟ್ಟರು ಅನ್ನಿ. ಬಲು ಸುಲಭದ ದಾರಿ ಒಂದಿದೆ: ಎಫ್ ವಿಭಾಗಕ್ಕೆ ಅರ್ಜಿ ಹಾಕಬೇಡಿ ಎಂದು ಮಹಿಳೆಯರನ್ನು ಒಪ್ಪಿಸಿಬಿಡುವುದು. ಅಲ್ಲಿಯ 341 ಅರ್ಜಿ, 24 ಪ್ರವೇಶ ಎರಡನ್ನೂ ತೆಗೆದುಹಾಕಿದರೆ ಉಳಿಯುವುದು 1,494ಕ್ಕೆ 533. ಶೇ. 36! ಗುರಿ ದಾಟಿತು. ಸೀಟು ಪಡೆದ ಮಹಿಳೆಯರು ಮಾತ್ರ 24 ಕಡಿಮೆಯಾದರು.

ಈಗ ತಿರುಗಿಸಿ ನೋಡಿ. ಪ್ರಾಮಾಣಿಕವಾಗಿ ಪ್ರಚಾರ ಮಾಡಿ, ಎಫ್‌ಗೆ ಇನ್ನೂ 300 ಮಹಿಳೆಯರು ಅರ್ಜಿ ಹಾಕುವಂತೆ ಮಾಡಿದಿರಿ. ಆ ವಿಭಾಗದಲ್ಲಿ ಪ್ರವೇಶ ಪಡೆದವರು ಒಟ್ಟು 46. ಅರ್ಜಿ ಹೆಚ್ಚಿತೆಂದು ಸೀಟು ಹೆಚ್ಚುವುದಿಲ್ಲ. 1,014 ಅರ್ಜಿದಾರರ ನಡುವೆ ಆ 46 ಸಮನಾಗಿ ಹಂಚಿದರೆ ಮಹಿಳೆಯರಿಗೆ ಸುಮಾರು 29. ಮೊದಲಿಗಿಂತ ಐವರು ಹೆಚ್ಚು. ಆದರೆ ಆರು ವಿಭಾಗಗಳ ಒಟ್ಟು ಲೆಕ್ಕ 2,135ಕ್ಕೆ 562 ಆಗಿ ಶೇ. 26ಕ್ಕೆ ಕುಸಿಯುತ್ತದೆ. ಹೆಚ್ಚು ಮಹಿಳೆಯರಿಗೆ ಸೀಟು ಕೊಡಿಸಿದವರು ವರದಿಯಲ್ಲಿ ಸೋತವರಾಗಿ ಕಾಣುತ್ತಾರೆ. ಸೀಟು ಕಡಿಮೆ ಮಾಡಿದವರು ಗೆದ್ದವರಾಗಿ ಕಾಣುತ್ತಾರೆ.

ಒಟ್ಟು ಪ್ರವೇಶ ಪ್ರಮಾಣವನ್ನು ಗುರಿಯಾಗಿ ಇಟ್ಟುಕೊಳ್ಳಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಆ ಅಂಕಿ ಮೂರು ಬೇರೆ ಬೇರೆ ಜನರ ತೀರ್ಮಾನಗಳ ಕಲಸು: ಎಲ್ಲಿಗೆ ಅರ್ಜಿ ಹಾಕಬೇಕೆಂದು ಅರ್ಜಿದಾರರು ಮಾಡಿದ್ದು, ಯಾರನ್ನು ಒಳಗೆ ಬಿಡಬೇಕೆಂದು ವಿಭಾಗ ಮಾಡಿದ್ದು, ಯಾವ ವಿಭಾಗಕ್ಕೆ ಎಷ್ಟು ಸೀಟು ಎಂದು ಸಂಸ್ಥೆ ಮಾಡಿದ್ದು. ಮೂರನ್ನೂ ಒಂದೇ ಪಾತ್ರೆಗೆ ಸುರಿದ ಮೇಲೆ ಯಾವುದು ಕೆಟ್ಟಿದೆ ಎಂದು ರುಚಿ ನೋಡಿ ಹೇಳಲಾಗುವುದಿಲ್ಲ.

108 ಎಂಬ ಅಂಕಿ

ಎ ವಿಭಾಗದ ಮೊದಲ ಸಾಲಿಗೆ ವಾಪಸು ಬರೋಣ. 933 ಅರ್ಜಿಗಳಲ್ಲಿ ಮಹಿಳೆಯರದು 108. ಬಂದವರಲ್ಲಿ ಶೇ. 82 ಮಂದಿ ಒಳಗೆ ಹೋದರು. ವಿಭಾಗ ಮಹಿಳೆಯರನ್ನು ಓಲೈಸಿತು ಎಂದು ಇದನ್ನು ಓದುವವರಿದ್ದಾರೆ. ಇರಬಹುದು. ಆದರೆ ಇನ್ನೊಂದು ಓದು ನನಗೆ ಹೆಚ್ಚು ಸಹಜವಾಗಿ ಕಾಣುತ್ತದೆ. ಹೆಣ್ಣುಮಕ್ಕಳು ಹೋಗುವ ರೂಢಿಯೇ ಇಲ್ಲದ ಕಡೆಗೆ ಹೆಜ್ಜೆ ಇಟ್ಟವರು ಗಟ್ಟಿಗಿತ್ತಿಯರೇ ಆಗಿರುತ್ತಾರೆ. "ನೋಡೋಣ, ಸಿಕ್ಕರೆ ಸಿಕ್ಕಿತು" ಎಂದು ಅರ್ಜಿ ಹಾಕುವ ಸಾಧಾರಣ ಹುಡುಗರಿಗೆ ಇರುವ ಧೈರ್ಯ ಅಷ್ಟೇ ಸಾಧಾರಣ ಹುಡುಗಿಯರಿಗೆ ಇರಲಿಲ್ಲ. ಹಾಗಾಗಿ ಒಂದು ಕಡೆ ಸೋಸಿ ಬಂದವರು, ಇನ್ನೊಂದು ಕಡೆ ಎಲ್ಲ ಬಗೆಯವರು. ಅಂಕಪಟ್ಟಿಗಳು ಈ ದಾಖಲೆಯಲ್ಲಿ ಇಲ್ಲವಾದ್ದರಿಂದ ಇದು ಊಹೆ. ಆದರೆ ಪರೀಕ್ಷಿಸಬಹುದಾದ ಊಹೆ. ಅಂಕಗಳಿದ್ದ ಯಾವ ಪ್ರವೇಶ ಕಚೇರಿಯೂ ಒಂದು ಮಧ್ಯಾಹ್ನದಲ್ಲಿ ನೋಡಿಬಿಡಬಹುದು.

ಇಲ್ಲೇ ಎಡವುವ ಇನ್ನೊಂದು ಕಲ್ಲಿದೆ. "ಎ ವಿಭಾಗದಲ್ಲಿ ಮಹಿಳೆಯರಿಗೆ ಶೇ. 82, ಆದ್ದರಿಂದ ಇನ್ನೂ 100 ಮಹಿಳೆಯರನ್ನು ಕರೆತಂದರೆ 82 ಮಂದಿಗೆ ಸೀಟು" ಎಂದು ಯೋಜನೆ ಬರೆದರೆ ಅದು ಬರೆದ ದಿನವೇ ಸುಳ್ಳು. ಈಗ ಬಂದವರ ಸರಾಸರಿ ಬೇರೆ, ಹೊಸದಾಗಿ ಬರಲಿರುವ ನೂರು ಮಂದಿಯ ಸಾಧ್ಯತೆ ಬೇರೆ. ಹೊಸಬರು ಬಹುಶಃ ಇಷ್ಟು ಸೋಸಿದವರಲ್ಲ. ಜೊತೆಗೆ ಸೀಟುಗಳು ಅಷ್ಟೇ ಇರುತ್ತವೆ, ಪೈಪೋಟಿ ಬಿಗಿಯಾಗುತ್ತದೆ. ಆದರೂ 108 ಎಂಬ ಅಂಕಿ ಒಂದು ಮಾತು ಹೇಳುತ್ತಿದೆ: ಒಳಗೆ ಬರಬಲ್ಲ ಮಹಿಳೆಯರು ಇನ್ನೂ ಹೊರಗಿರಬಹುದು, ಬಾಗಿಲ ತನಕ ಬಂದೇ ಇಲ್ಲ.

ಬಾಗಿಲ ತನಕ ಬರದವರಿಗೆ ಪ್ರವೇಶ ದಾಖಲೆಯಲ್ಲಿ ಸಾಲು ಇರುವುದಿಲ್ಲ. ಪ್ರವೇಶದ ಅಂಕಿಗಳಿಂದ ಅರ್ಜಿದಾರರನ್ನು ಅರಿಯುತ್ತೇವೆ ಎಂದು ಹೊರಟವರೆಲ್ಲರ ಮುಂದಿರುವ ತೊಡಕು ಇದು. ಕಡತ ಎಷ್ಟೇ ದಪ್ಪ ಇರಲಿ, ಅದರಲ್ಲಿರುವುದು ಬಂದವರ ವಿಷಯ.

ಕಣ್ಣು ಸಣ್ಣದಾದದ್ದು ಹೇಗೆ

ಬಿಕೆಲ್ ಮತ್ತು ಜೊತೆಗಾರರು ಇನ್ನೂ ಒಂದು ಹೆಜ್ಜೆ ಇಟ್ಟರು. ಯಾವ ವಿಭಾಗಗಳಿಗೆ ಮಹಿಳೆಯರು ಹೆಚ್ಚು ಹೋಗುತ್ತಾರೆ, ಅವು ಯಾಕೆ ಕಷ್ಟದವು? ಅರ್ಜಿದಾರರಲ್ಲಿ ಮಹಿಳೆಯರ ಪಾಲು ಇಂಗ್ಲಿಷ್ ವಿಭಾಗದಲ್ಲಿ ಮೂರರಲ್ಲಿ ಎರಡು. ಮೆಕ್ಯಾನಿಕಲ್ ಎಂಜಿನಿಯರಿಂಗಿನಲ್ಲಿ ನೂರಕ್ಕೆ ಎರಡು. ಸ್ನಾತಕೋತ್ತರಕ್ಕೆ ಬರುವ ಮುನ್ನ ಎಷ್ಟು ಗಣಿತ ಓದಿರಬೇಕು ಎಂಬುದಕ್ಕೂ ಮಹಿಳೆಯರ ಪಾಲಿಗೂ ನಂಟು ಕಂಡಿತು. ಗಣಿತ ಹೆಚ್ಚು ಕೇಳುವ ವಿಭಾಗಗಳಿಗೆ ಮಹಿಳೆಯರು ಕಡಿಮೆ; ಅಲ್ಲಿ ಪ್ರವೇಶ ಸಲೀಸು. ಗಣಿತ ಕೇಳದ ವಿಭಾಗಗಳಿಗೆ ಮಹಿಳೆಯರು ಹೆಚ್ಚು, ಅಲ್ಲಿ ನೂಕುನುಗ್ಗಲು.

ಗಣಿತದ ದಾರಿ ಮುಚ್ಚುವುದು ಇಪ್ಪತ್ತೆರಡನೇ ವಯಸ್ಸಿನಲ್ಲಿ ಅರ್ಜಿ ತುಂಬುವಾಗ ಅಲ್ಲ. ಶಾಲೆಯಲ್ಲಿ ಯಾವ ವಿಷಯ ತೆಗೆದುಕೊಂಡಳು, ಯಾವುದನ್ನು ಬಿಡು ಎಂದು ಯಾರು ಹೇಳಿದರು, ಡಿಗ್ರಿಯಲ್ಲಿ ಏನು ಓದಿದಳು ಎಂಬಲ್ಲೇ ಅದು ಮುಗಿದಿರುತ್ತದೆ. ಹಾಗಾಗಿ ಎ, ಬಿ ವಿಭಾಗಗಳಿಗೆ ಮಹಿಳೆಯರನ್ನು ಕರೆತರಬೇಕೆಂದರೆ ಅಂತಿಮ ವರ್ಷದ ವಿದ್ಯಾರ್ಥಿನಿಯರಿಗೆ ಚೆಂದದ ಕಿರುಹೊತ್ತಿಗೆ ಕಳುಹಿಸಿ ಪ್ರಯೋಜನವಿಲ್ಲ. ಐದಾರು ವರ್ಷ ಹಿಂದಕ್ಕೆ ಹೋಗಬೇಕು. ಈ ವರ್ಷದ ಬಜೆಟ್ಟಿನಲ್ಲಿ ಖರ್ಚು ಮಾಡಿ ಮುಂದಿನ ವರ್ಷದ ವರದಿಯಲ್ಲಿ ಫಲ ತೋರಿಸುವ ಅವಸರವಿದ್ದವರಿಗೆ ಇದು ಒಗ್ಗುವ ಕೆಲಸವಲ್ಲ.

ಸಂಸ್ಥೆಯ ಪಾಲೂ ಇದೆ, ಅದನ್ನು "ಅವರವರ ಆಯ್ಕೆ" ಎಂಬ ಮಾತಿನ ಹಿಂದೆ ಮುಚ್ಚಬಾರದು. ಎಫ್‌ನಲ್ಲಿ 714 ಮಂದಿಗೆ 46 ಸೀಟು, ಎ ವಿಭಾಗದಲ್ಲಿ 933 ಮಂದಿಗೆ 601. ಈ ಪ್ರಮಾಣ ಆಕಾಶದಿಂದ ಇಳಿದದ್ದಲ್ಲ. ಯಾವ ವಿಭಾಗಕ್ಕೆ ಸಂಶೋಧನಾ ಹಣ ಬರುತ್ತದೆ, ಯಾವುದಕ್ಕೆ ಅಧ್ಯಾಪಕರ ಹುದ್ದೆ ಸಿಗುತ್ತದೆ, ಯಾರ ವಿದ್ಯಾರ್ಥಿಗಳಿಗೆ ಸ್ಟೈಪೆಂಡ್ ಇದೆ ಎಂಬುದರ ಮೇಲೆ ಬಲೆಯ ಕಣ್ಣಿನ ಗಾತ್ರ ನಿಂತಿದೆ. ಲೇಖನದ ಕೊನೆಯ ಭಾಗ ಹೇಳುವುದೂ ಇದನ್ನೇ: ಬೆಳೆಸಿದ ರೀತಿ ಮತ್ತು ಓದಿಸಿದ ರೀತಿ ಮಹಿಳೆಯರನ್ನು ಕಿಕ್ಕಿರಿದ, ಹಣಕಾಸಿನ ಬೆಂಬಲ ಕಡಿಮೆಯಿರುವ, ಪದವಿ ಮುಗಿಸುವವರು ಕಡಿಮೆಯಿರುವ ಕ್ಷೇತ್ರಗಳ ಕಡೆಗೆ ತಳ್ಳುತ್ತಿದೆ. "ತಾರತಮ್ಯ ಇಲ್ಲ ಎಂದು ಬರ್ಕ್ಲಿ ಸಾಬೀತು ಮಾಡಿತು" ಎಂದು ಹೇಳುವವರು ಈ ಭಾಗ ಓದದೆ ಹಾಳೆ ಮಡಿಸಿದ್ದಾರೆ ಎಂದೇ ನನ್ನ ಅನುಮಾನ.

ಒಡೆದು ನೋಡಿದರೆ ಸತ್ಯ ಸಿಗುತ್ತದೆಯೇ?

ಹಾಗಾದರೆ ಎಲ್ಲವನ್ನೂ ಚೂರು ಚೂರು ಮಾಡಿ ನೋಡುವುದೇ ಸರಿಯೇ? ಅದೂ ಅಷ್ಟು ಸರಳವಲ್ಲ. ಸಂಖ್ಯಾಶಾಸ್ತ್ರಜ್ಞ ವಿಲಿಯಂ ಕ್ರುಸ್ಕಲ್ ಈ ಲೇಖನ ಓದಿ ಬಿಕೆಲ್ ಅವರೊಂದಿಗೆ ಪತ್ರ ವ್ಯವಹಾರ ನಡೆಸಿದರು. ಅವರ ಆಕ್ಷೇಪದ ತಿರುಳು: ವಿಭಾಗದ ಮಟ್ಟದಲ್ಲಿ ಸಮ ಕಂಡ ಮಾತ್ರಕ್ಕೆ ತಾರತಮ್ಯ ಇಲ್ಲವೆನ್ನಲಾಗದು. ವಿಭಾಗದೊಳಗೇ ಇನ್ನೊಂದು ಅಡಗಿದ ಅಂಶ ಇರಬಹುದು.

ನಾನೇ ಕಟ್ಟಿದ ಒಂದು ಉದಾಹರಣೆ ಕೊಡುತ್ತೇನೆ. ಒಂದು ವಿಭಾಗಕ್ಕೆ 100 ಮಹಿಳೆಯರು, 100 ಪುರುಷರು ಅರ್ಜಿ ಹಾಕಿದ್ದಾರೆ. ಮಹಿಳೆಯರಲ್ಲಿ 80 ಮಂದಿ ಪ್ರಬಲರು, 20 ಮಂದಿ ಸಾಧಾರಣ. ಪುರುಷರಲ್ಲಿ ಅದು ಉಲ್ಟಾ. ಸಮಿತಿಯವರು ಪ್ರಬಲ ಮಹಿಳೆಯರಲ್ಲಿ ಅರ್ಧದಷ್ಟು, ಅಂದರೆ 40 ಮಂದಿಯನ್ನೂ ಸಾಧಾರಣರಲ್ಲಿ ಇಬ್ಬರನ್ನೂ ತೆಗೆದುಕೊಂಡರು. ಪ್ರಬಲ ಪುರುಷರು 20ರಲ್ಲಿ 18 ಮಂದಿಯನ್ನು, ಸಾಧಾರಣರು 80ರಲ್ಲಿ 24 ಮಂದಿಯನ್ನು ತೆಗೆದುಕೊಂಡರು. ಕೂಡಿಸಿ: ಮಹಿಳೆಯರು 42, ಪುರುಷರು 42. ವರದಿಯಲ್ಲಿ ಅಪ್ಪಟ ಸಮಾನತೆ. ಒಳಗೆ, ಎರಡೂ ದರ್ಜೆಯಲ್ಲಿ ಹೆಣ್ಣಿಗೆ ಹೊಡೆತ.

ಬರ್ಕ್ಲಿಯ ಲೇಖಕರು ಇದನ್ನು ಮುಚ್ಚಿಟ್ಟಿರಲಿಲ್ಲ. ಒಂದೇ ವಿಭಾಗಕ್ಕೆ ಬರುವ ಪುರುಷರೂ ಮಹಿಳೆಯರೂ ಅರ್ಹತೆಯಲ್ಲಿ ಹೆಚ್ಚುಕಡಿಮೆ ಸಮಾನರು ಎಂಬ ಊಹೆಯ ಮೇಲೆ ತಮ್ಮ ಲೆಕ್ಕ ನಿಂತಿದೆ ಎಂದು ಮೊದಲೇ ಹೇಳಿಕೊಂಡಿದ್ದರು. ಇಂಥ ಊಹೆಯನ್ನು ಬಾಯಿಬಿಟ್ಟು ಹೇಳುವ ಆಂತರಿಕ ವರದಿಗಳು ಅಪರೂಪ.

ಎಲ್ಲಿಯವರೆಗೆ ಒಡೆಯಬೇಕು ಎಂಬುದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಸಿದ್ಧ ಸೂತ್ರವಿಲ್ಲ. ನಾನು ಹಿಡಿಯುವ ದಾರಿ, ತೀರ್ಮಾನ ಮಾಡುವ ಕೈ ಎಲ್ಲಿದೆ ಎಂದು ಹುಡುಕುವುದು. ಬರ್ಕ್ಲಿಯ ಸ್ನಾತಕೋತ್ತರದಲ್ಲಿ ಆ ಕೈ ವಿಭಾಗದ್ದು. ಹಾಗಾಗಿ ವಿಭಾಗದ ಮಟ್ಟಕ್ಕೆ ಒಡೆದದ್ದು ಸರಿ. ಎಲ್ಲ ಅರ್ಜಿಗಳನ್ನೂ ಒಂದೇ ಕೇಂದ್ರ ಕಚೇರಿ ಓದಿ ತೀರ್ಮಾನಿಸುವ ಕಡೆ ವಿಭಾಗವಾರು ಒಡೆದರೆ ಅದು ಬರೀ ಕಾಗದದ ಮೇಲಿನ ಗೆರೆ. ಸೀಟು ಹಂಚಿಕೆಯ ನ್ಯಾಯ ಕೇಳುವುದಾದರೆ ಮತ್ತೆ ಒಟ್ಟು ಲೆಕ್ಕಕ್ಕೇ ಬರಬೇಕು, ಏಕೆಂದರೆ ಅಲ್ಲಿ ಕೈ ಇಡೀ ಸಂಸ್ಥೆಯದು. 44ಕ್ಕೆ 35 ಎಂಬ ಮೊದಲ ಅಂಕಿ ಸುಳ್ಳಾಗಿರಲಿಲ್ಲ. ಪ್ರವೇಶ ಸಮಿತಿಯನ್ನು ಕೇಳಬೇಕಾದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ, ಅಷ್ಟೆ.

ಈ ದಾಖಲೆಯಲ್ಲಿ ಇಲ್ಲದ ಇನ್ನೊಂದು ತುದಿಯೂ ಇದೆ: ಪ್ರವೇಶ ಸಿಕ್ಕವರಲ್ಲಿ ಎಷ್ಟು ಮಂದಿ ನಿಜವಾಗಿ ಬಂದು ಸೇರಿದರು, ಎಷ್ಟು ಮಂದಿ ಬೇರೆ ಕಡೆಗೆ ಹೋದರು. ಅರ್ಜಿದಾರರನ್ನು ಕರೆತರುವ ಯೋಜನೆಗೆ ಇದು ಬೇಕೇ ಬೇಕು. ಎ ವಿಭಾಗದಲ್ಲಿ ಪ್ರವೇಶ ಪಡೆದ 89 ಮಹಿಳೆಯರಲ್ಲಿ ಅರ್ಧದಷ್ಟು ಬೇರೆಲ್ಲೋ ಸೇರಿದ್ದರೆ ತೊಂದರೆ ಶಾಲೆಯ ಗಣಿತದಲ್ಲಲ್ಲ, ವಿಭಾಗದ ವಾತಾವರಣದಲ್ಲೋ ಸ್ಟೈಪೆಂಡಿನಲ್ಲೋ ಇರುತ್ತದೆ, ಮದ್ದೂ ಬೇರೆ. ಅರ್ಜಿ, ಪ್ರವೇಶ, ಸೇರ್ಪಡೆ ಮೂರೂ ಒಂದೇ ಹಾಳೆಯಲ್ಲಿ, ತೀರ್ಮಾನ ಮಾಡುವ ಘಟಕದ ಹೆಸರಿನ ಮುಂದೆ, ಬರಿ ಶೇಕಡಾ ಅಲ್ಲದೆ ತಲೆಎಣಿಕೆಯ ಸಮೇತ ಇರಬೇಕು. ಬಿ ವಿಭಾಗದ ಶೇ. 68 ನೋಡಲು ಚೆಂದ. ಅದು 25ರಲ್ಲಿ 17 ಎಂದು ಗೊತ್ತಾದಾಗ ಇಬ್ಬರು ಆಚೀಚೆಯಾದರೂ ಎಂಟು ಅಂಕ ಅಲುಗುತ್ತದೆ ಎಂಬುದು ಹೊಳೆಯುತ್ತದೆ.

ಇಪ್ಪತ್ತು ವರ್ಷಗಳ ಮೇಲೆ

1996ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಪ್ರಸ್ತಾವ 209 ಎಂಬುದನ್ನು ಒಪ್ಪಿದರು. ಸರ್ಕಾರಿ ಸಂಸ್ಥೆಗಳು ಜನಾಂಗ, ಲಿಂಗ ನೋಡಿ ಯಾರಿಗೂ ಆದ್ಯತೆ ಕೊಡುವಂತಿಲ್ಲ ಎಂದಾಯಿತು. ಬರ್ಕ್ಲಿ ಸೇರಿದಂತೆ ಹಲವು ಕ್ಯಾಂಪಸ್ಸುಗಳಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಬಾಗಿಲ ಬಳಿ ನಿಂತು ಮಾಡಬಹುದಾದದ್ದು ಬಹುಮಟ್ಟಿಗೆ ಮುಗಿಯಿತು. ಉಳಿದದ್ದು ಬಾಗಿಲಿಗೆ ಬರುವ ದಾರಿ. ಪದವಿ ಪ್ರವೇಶದಲ್ಲಿ 2001ರಿಂದ ಕ್ಯಾಲಿಫೋರ್ನಿಯಾದ ಪ್ರತಿ ಪ್ರೌಢಶಾಲೆಯ ಮೊದಲ ಶೇ. 4 ವಿದ್ಯಾರ್ಥಿಗಳನ್ನು, ಅಗತ್ಯ ವಿಷಯಗಳನ್ನು ಓದಿದ್ದರೆ, ಅರ್ಹರೆಂದು ಪರಿಗಣಿಸುವ ಪದ್ಧತಿ ಬಂತು. 2012ರ ಪ್ರವೇಶಕ್ಕೆ ಅದನ್ನು ಶೇ. 9ಕ್ಕೆ ಹಿಗ್ಗಿಸಿದರು. ರಾಜ್ಯದ ಮಟ್ಟದ ಒಂದೇ ಪಟ್ಟಿಯಲ್ಲಿ ಹಿಂದೆ ಬೀಳುವ ಶಾಲೆಗಳ ಮೊದಲಿಗರೂ ಹೀಗೆ ಕಣ್ಣಿಗೆ ಬಿದ್ದರು. 1973ರ ದಾಖಲೆ ಕಲಿಸಿದ್ದಕ್ಕೆ ಇದು ನೇರ ಫಲ ಎಂದು ನಾನು ಹೇಳುತ್ತಿಲ್ಲ. ಆದರೆ ಎರಡರಲ್ಲೂ ಬೆರಳು ತೋರಿಸುತ್ತಿರುವ ದಿಕ್ಕು ಒಂದೇ.

ಈಗ ಆ ವಿಶ್ವವಿದ್ಯಾಲಯ ಪ್ರೌಢಶಾಲೆವಾರು ಅಂಕಿಗಳನ್ನು ಸಾರ್ವಜನಿಕವಾಗಿ ಕೊಡುತ್ತದೆ: ಯಾವ ಶಾಲೆಯಿಂದ ಯಾವ ಕ್ಯಾಂಪಸ್ಸಿಗೆ ಎಷ್ಟು ಅರ್ಜಿ, ಎಷ್ಟು ಪ್ರವೇಶ, ಎಷ್ಟು ಸೇರ್ಪಡೆ. ಪತ್ರಿಕೆಗಳಲ್ಲಿ ಚರ್ಚೆಯಾಗುವುದು ಹೆಚ್ಚಾಗಿ ನಡುವಿನ ಅಂಕಣ, ಯಾವ ಶಾಲೆಯವರಿಗೆ ಎಷ್ಟು ಶೇಕಡಾ ಸಿಕ್ಕಿತು ಎಂಬುದು. ನಾನು ಆ ಪಟ್ಟಿ ತೆರೆದಾಗ ಮೊದಲ ಅಂಕಣವನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿಕೊಳ್ಳುತ್ತೇನೆ. ಅತಿ ಕಡಿಮೆ ಅರ್ಜಿ ಬಂದ ಶಾಲೆಗಳು ಮೇಲಕ್ಕೆ ಬರುತ್ತವೆ. ಅವುಗಳಲ್ಲಿ ಬಂದ ಕೆಲವೇ ಅರ್ಜಿಗಳು ಚೆನ್ನಾಗಿ ಗೆದ್ದಿರುವ ಶಾಲೆ ಯಾವುದು ಎಂದು ಹುಡುಕುತ್ತೇನೆ. ಎ ವಿಭಾಗದ 108 ಇದ್ದದ್ದು ಅಂಥದೇ ಸಾಲಿನಲ್ಲಿ.